ಬಾಲ ತೆರೆಯುವ ವಿಮಾನ

ಮೊನ್ನೆ ಬೆಳಿಗ್ಗೆ ಹುಳಿಗೆ ಒಗ್ಗರಣೆ ಇಟ್ಟಿದ್ದೆ. ಎಣ್ಣೆ ಕಾದು ಸಾಸಿವೆ ಸಿಡಿಯುವ ಹೊತ್ತಿಗೆ ಅಡುಗೆಮನೆಯ ಕಿಟಕಿ ಗಾಜು ಸಣ್ಣಗೆ ಅದುರತೊಡಗಿತು. ಆಮೇಲೆ ಆ ಸದ್ದು. ನಮ್ಮ ಜೆ.ಪಿ. ನಗರದಲ್ಲಿ ಸದ್ದಿಗೇನು ಬರ? ಮೆಟ್ರೋ ಇದೆ, ಎದುರು ಸೈಟಿನಲ್ಲಿ ಟೈಲ್ಸ್ ಕೊಯ್ಯುವ ಮೆಷೀನಿದೆ, ಪಕ್ಕದ ಮನೆಯವರ ನಾಯಿಯಿದೆ. ಆದರೆ ಈ ಸದ್ದು ನನಗೆ ನಿದ್ದೆಯಲ್ಲೂ ಗುರುತು ಸಿಗುತ್ತದೆ. ಈಗಿನ ಪ್ರಯಾಣಿಕರ ವಿಮಾನಗಳು ಉಸ್ಸೆಂದು ಹೋಗಿಬಿಡುತ್ತವೆ. ಇದು ಎರಡು ದೊಡ್ಡ ಫ್ಯಾನು ತಿರುಗಿಸಿಕೊಂಡು, ಗಂಟಲಲ್ಲೇ ಗೊರಗುಟ್ಟುತ್ತಾ, ತುಂಬು ಬಸುರಿಯ ಹಾಗೆ ನಿಧಾನವಾಗಿ ಬರುತ್ತದೆ. ನಾನು ಸೌಟು ಹಿಡಿದುಕೊಂಡೇ ಟೆರೇಸಿಗೆ ಓಡಿದೆ. ಲಿಫ್ಟಿಗೆ ಕಾಯುವ ತಾಳ್ಮೆ ಯಾರಿಗಿದೆ! ಮೇಲೆ ಹೋಗುವಷ್ಟರಲ್ಲಿ ಅದು ಬೇಗೂರಿನ ಕಡೆ ವಾಲಿಯಾಗಿತ್ತು, ಬೂದು ಹೊಟ್ಟೆ, ರೆಕ್ಕೆಯ ಮೇಲೆ ಕೂತ ಎರಡು ಎಂಜಿನ್ನು, ಮೇಲಕ್ಕೆತ್ತಿದ ಬಾಲ. ವಾಯುಸೇನೆಯ ಎಎನ್-32. ಕೆಳಗಿನಿಂದ ನಮ್ಮವರು "ಒಗ್ಗರಣೆ ಸುಟ್ಟು ಕರಕಲಾಯ್ತು ಕಣೇ! ಬಾಣಲೆ ಹೊತ್ತ್ಕೊಳ್ಳುತ್ತೆ!" ಎಂದು ಕೂಗುತ್ತಿದ್ದರು. ಕೂಗಿಕೊಳ್ಳಲಿ ಬಿಡಿ. ನನ್ನ ಎದೆ ಎಂಟು ವರ್ಷದ ಹುಡುಗಿಯದಾಗಿ ಡವಗುಟ್ಟುತ್ತಿತ್ತು.

ನಿಮಗೂ ಇಂಥದ್ದೊಂದು ಸದ್ದು ಇದ್ದೇ ಇರುತ್ತದೆ. ಕೇಳಿದ ತಕ್ಷಣ, ಈಗ ಇಲ್ಲದ ಒಂದು ಮನೆಯ ಬಾಗಿಲು ತೆರೆದುಕೊಳ್ಳುವಂಥದ್ದು. ನನಗೆ ತೆರೆದುಕೊಳ್ಳುವುದು ಬನಶಂಕರಿ ಮೂರನೇ ಸ್ಟೇಜಿನ ಅಜ್ಜಿಯ ಮನೆ. ಅಪ್ಪನಿಗೆ ಊರೂರು ವರ್ಗವಾಗುತ್ತಿದ್ದುದರಿಂದ ನಾನೂ ಅಮ್ಮನೂ ಅಲ್ಲೇ ಇದ್ದೆವು. ಆಗ ಮನೆಯಿಂದಾಚೆಗೆ ಹೊಸಕೆರೆಹಳ್ಳಿಯವರೆಗೂ ಖಾಲಿ ಸೈಟುಗಳು, ಆಳೆತ್ತರದ ಹುಲ್ಲು, ಅಲ್ಲಲ್ಲಿ ತೆಂಗಿನ ಮರ. ಬೇಸಿಗೆಯಲ್ಲಿ ತಾರಸಿ ತುಂಬಾ ಅಜ್ಜಿಯ ಸಂಡಿಗೆ. ಹಳೇ ಸೀರೆ ಹಾಸಿ, ನಾಲ್ಕು ಮೂಲೆಗೆ ಕಲ್ಲಿಟ್ಟು, ಹಸಿಮೆಣಸಿನಕಾಯಿ ಇಂಗು ಬೆರೆತ ಅಕ್ಕಿ ಹಿಟ್ಟು ಬಿಸಿಲಿಗೆ ಒಣಗುವಾಗ ಬರುತ್ತಿದ್ದ ಆ ಘಮಕ್ಕೆ ಹೊಟ್ಟೆ ತುಂಬಿದವರಿಗೂ ಹಸಿವಾಗಬೇಕು. ಅಜ್ಜಿ ನೆರಳಲ್ಲಿ ಕೋಲು ಹಿಡಿದು ಕಾಗೆ ಕಾಯುತ್ತಿದ್ದಳು. ವಿಮಾನದ ಸದ್ದು ಕೇಳಿತೋ, ಕಾಗೆಗಳಿಗೆ ಹಬ್ಬ. ಅಜ್ಜಿ ಕೋಲು ಕೆಳಗಿಟ್ಟು, ಹಣೆಗೆ ಕೈ ಅಡ್ಡ ಹಿಡಿದು, ಅದು ಚುಕ್ಕಿಯಾಗಿ ಕರಗುವವರೆಗೂ ನೋಡುತ್ತಿದ್ದಳು. ಆಕೆಯ ಕೊನೆಯ ಮಗ, ನನ್ನ ಸೀನು ಮಾಮ, ವಾಯುಸೇನೆಯಲ್ಲಿದ್ದ.

ಮುಂದೆ ಆದ ಎಲ್ಲ ಗೊಂದಲಕ್ಕೂ ಮೂಲ ನಮ್ಮ ಕನ್ನಡದ ಒಂದು ಮಾತು. ಆಗ ನಮ್ಮ ಮನೆಯಲ್ಲಿ ಫೋನಿರಲಿಲ್ಲ, ಪಕ್ಕದ ವಿಮಲಾ ಆಂಟಿ ಮನೆಗೆ ಫೋನ್ ಬರುತ್ತಿತ್ತು. ಒಂದು ದಿನ ಸೀನು ಮಾಮ ಅಲ್ಲಿಗೆ ಫೋನ್ ಮಾಡಿ, "ಅಮ್ಮಾ, ನನ್ನನ್ನ ಪ್ಯಾರಾಚೂಟ್ ತೋರಿಸೋ ತಂಡಕ್ಕೆ ಹಾಕಿದ್ದಾರೆ. ಊರೂರಲ್ಲಿ ಜನದ ಮುಂದೆ ಶೋ. ಇನ್ಮೇಲೆ ವಾರವೆಲ್ಲ ಹಾರೋದೇ ಕೆಲಸ" ಎಂದ. ಹಾರುವುದು! ಗುಬ್ಬಚ್ಚಿಯೂ ಹಾರುತ್ತದೆ, ಕಾಂಪೌಂಡನ್ನೂ ಹಾರುತ್ತಾರೆ. ವಿಮಾನದಲ್ಲಿ ಕೂತು ಹೋಗುವವನೂ ಹಾರುತ್ತಾನೆ, ವಿಮಾನದಿಂದ ಕೆಳಕ್ಕೆ ಧುಮುಕುವವನೂ ಹಾರುತ್ತಾನೆ. ಅಜ್ಜಿ ಹುಟ್ಟಿ ಬೆಳೆದ ಹಳ್ಳಿಯಲ್ಲಿ ಹಾರುವುದು ಅಂದರೆ ಒಂದೇ, ಬಾವಿಗೆ ಹಾರುವುದು. ಫೋನ್ ಇಟ್ಟವಳೇ ಆಂಟಿಯ ಸೋಫಾದ ಮೇಲೆ ಕುಸಿದು ಕೂತಳು. "ಬೇರೆ ಕೆಲಸ ಸಿಗಲಿಲ್ವೇನೇ ಅವನಿಗೆ? ಆಕಾಶದಿಂದ ಹಾರ್ತಾನಂತೆ!" ಎಂದು ಅಮ್ಮನನ್ನು ಕೇಳಿದಳು, ಅಮ್ಮನೇ ಅವನನ್ನು ತಳ್ಳಿದ ಹಾಗೆ. ಮರುವಾರದಿಂದ ಪ್ರತಿ ಮಂಗಳವಾರ ರಾಹುಕಾಲಕ್ಕೆ ಬನಶಂಕರಮ್ಮನ ಗುಡಿಯಲ್ಲಿ ನಿಂಬೆಹಣ್ಣಿನ ದೀಪ. ಹೋಳು ಮಾಡಿ, ರಸ ಹಿಂಡಿ, ಸಿಪ್ಪೆಯನ್ನು ಬಟ್ಟಲಿನ ಹಾಗೆ ಮಗುಚಿ, ಎಣ್ಣೆ ಬತ್ತಿ ಹಾಕಿ ಹಚ್ಚುವುದು. ಹಿಂಡಿದ ರಸವನ್ನು ಚೆಲ್ಲಲು ಆಕೆಗೆ ಮನಸ್ಸಿಲ್ಲ. ಹೀಗಾಗಿ ನನ್ನ ಬಾಲ್ಯದ ಮಂಗಳವಾರಗಳೆಲ್ಲ ಚಿತ್ರಾನ್ನ. ಮಗನ ಪ್ರಾಣಕ್ಕಾಗಿ ಬೆಳಗಿದ ದೀಪದ ಹುಳಿಯನ್ನು ನಾವು ಕಡಲೆಬೀಜದ ಜೊತೆ ಚಪ್ಪರಿಸಿ ತಿನ್ನುತ್ತಿದ್ದೆವು.

ಮಾಮ ರಜಕ್ಕೆ ಬಂದರೆ ಮನೆಯಲ್ಲಿ ಜಾತ್ರೆ. ಗ್ರೀಸು, ಹೊಗೆ, ಶೇವಿಂಗ್ ಸೋಪು ಎಲ್ಲ ಬೆರೆತ ವಾಸನೆ ಅವನದು. ಮಾತೆಲ್ಲ ಆ ವಿಮಾನದ್ದೇ, ಹೊಸದಾಗಿ ಮದುವೆಯಾದವನು ಹೆಂಡತಿಯ ಬಗ್ಗೆ ಮಾತಾಡುವಂತೆ ಮಾತಾಡುತ್ತಿದ್ದ. ಹಿಂದಿನ ಕಾಲದ ಡಕೋಟಾದಲ್ಲಿ ಪಕ್ಕದಲ್ಲೊಂದು ಸಣ್ಣ ಬಾಗಿಲಂತೆ, ಸಿಟಿ ಬಸ್ಸಿನಿಂದ ಇಳಿದ ಹಾಗೆ ಒಬ್ಬೊಬ್ಬರೇ ಹೋಗಬೇಕಿತ್ತಂತೆ. ಹೆಲಿಕಾಪ್ಟರ್ ಆದರೆ ಗಾಳಿಯಲ್ಲಿ ನಿಂತಲ್ಲೇ ನಿಲ್ಲುತ್ತದಂತೆ, ಆದರೆ ಅದರಲ್ಲಿ ಮಜ ಇಲ್ಲವಂತೆ. "ನಮ್ಮದು ಹಾಗಲ್ಲ ಪುಟ್ಟಿ. ಬಾಲಾನೇ ತೆರ್ಕೊಳ್ಳುತ್ತೆ! ಹಿಂದ್ಗಡೆ ಇಡೀ ಗೋಡೆ ಕೆಳಗಿಳಿಯುತ್ತೆ. ಗಾಳಿ ಬಂದು ಮುಖಕ್ಕೆ ರಪ್ ಅಂತ ಬಡಿಯುತ್ತೆ. ನೋಡ್ತೀಯ, ಕೆಳಗೆ ಊರಿಗೆ ಊರೇ ಹರಡಿಕೊಂಡಿದೆ. ನಾವು ಎದ್ದು ನಿಲ್ತೀವಿ, ಸಾಲಾಗಿ ಬರ್ತೀವಿ, ಹೆಗಲು ತಟ್ಟಿದ್ರೋ, ಸೊಂಯ್!" ಎನ್ನುತ್ತಾ ನನ್ನನ್ನು ಹಜಾರದ ಮೆಟ್ಟಿಲಿಂದ ಹಾಸಿಗೆಯ ಮೇಲಕ್ಕೆ ಹಾರಿಸುತ್ತಿದ್ದ. ನಾನು ಕಿರುಚುತ್ತಾ ಮತ್ತೆ ಸಾಲಿಗೆ ಬಂದು ನಿಲ್ಲುತ್ತಿದ್ದೆ. 'ನಾವು' ಎನ್ನುತ್ತಿದ್ದನೇ ಹೊರತು, ನಾನು ಎಂದು ಅವನು ಒಂದು ದಿನವೂ ಹೇಳಲಿಲ್ಲ ಎನ್ನುವುದು ಆಗ ಯಾರಿಗೆ ಹೊಳೆಯಬೇಕು? ಅಜ್ಜಿ ಅಡುಗೆಮನೆಯಿಂದಲೇ, "ಸಾಕು ನಿಲ್ಲಿಸೋ, ಮಗೂಗೂ ಅದನ್ನೇ ಕಲಿಸ್ಬೇಡ" ಎನ್ನುತ್ತಿದ್ದಳು.

ಆಮೇಲೆ ಆ ಸುದ್ದಿ ಬಂತು. ಮಾಮನ ತಂಡ ನಮ್ಮ ಕಡೆಗೇ ಬರುತ್ತಿದೆ! ನಮ್ಮ ಮನೆಯಿಂದ ನಡೆದುಹೋಗುವಷ್ಟು ದೂರದ ಕಾಲೇಜು ಮೈದಾನದಲ್ಲಿ ಇಳಿಯುತ್ತದೆ! ನಮ್ಮ ಬೀದಿಗೆ ಮದುವೆ ಕಳೆ ಬಂತು. ವಿಮಲಾ ಆಂಟಿ ಹೊಸ ಕೂಲಿಂಗ್ ಗ್ಲಾಸ್ ತಂದರು. ಅಜ್ಜಿ ಮೊದಲು ಬರುವುದಿಲ್ಲವೆಂದಳು. ಮೂರನೇ ದಿನ ಸೊಪ್ಪು ಬಿಡಿಸುತ್ತಾ ಅಮ್ಮನಿಗೆ ಹೇಳಿದಳು: "ಬರ್ತೀನಿ ಕಣೇ. ಅವನು ನೆಲಕ್ಕೆ ಕಾಲಿಡೋದನ್ನ ಒಂದ್ಸಲ ಕಣ್ಣಾರೆ ನೋಡಿಬಿಟ್ರೆ ಸಾಕು. ಆಮೇಲೆ ಬೇಕಾದ್ರೆ ದಿನಾ ಹಾರಲಿ, ನಾನು ಹೆದರಲ್ಲ." ಇಷ್ಟೇ ಆಕೆಗೆ ಬೇಕಾಗಿದ್ದುದು. ಮಗ ಇಳಿಯಬೇಕು, ತಾನು ನೋಡಬೇಕು.

ಆ ದಿನದ ಬಿಸಿಲು, ಆ ಧೂಳು, ಆ ಜನ! ಕಡಲೆಕಾಯಿ ಮಾರುವವರು, ಖಾಕಿ ಚಡ್ಡಿಯ ಸ್ಕೌಟ್ ಹುಡುಗರು, ಮರ ಹತ್ತಿ ಕೂತವರು. ಮೈಕು ಕೀರೆಂದು ಕಿರುಚುವುದು ಬಿಟ್ಟರೆ ಅದರಲ್ಲಿ ಯಾರು ಏನು ಹೇಳುತ್ತಿದ್ದಾರೆ ಎನ್ನುವುದು ದೇವರಿಗೇ ಗೊತ್ತು. ಅಜ್ಜಿ ಮದುವೆಗೆ ಉಡುವ ಹಸಿರು ರೇಷ್ಮೆ ಉಟ್ಟು, ಸೆರಗು ಹೊದ್ದು, ಹಗ್ಗ ಕಟ್ಟಿದ ಜಾಗಕ್ಕೇ ಹೋಗಿ ನಿಂತಿದ್ದಳು. "ನನ್ನ ಮಗ ಹಾರ್ತಾನೆ" ಎಂದು ಅಕ್ಕಪಕ್ಕದವರಿಗೆ ಹೇಳಿ ಜಾಗ ಬಿಡಿಸಿಕೊಂಡಿದ್ದಳು. ಆಗ ಕೇಳಿತು ನೋಡಿ, ಆ ಗೊರಗೊರ. ಜೆ.ಪಿ. ನಗರದ ಕಡೆಯಿಂದ ಅದು ಮೇಲೆದ್ದು ಬಂತು. ಅಬ್ಬಾ, ಎಂಥ ವಿಮಾನ! ತಾರಸಿಯಿಂದ ಚುಕ್ಕಿಯಾಗಿ ಕಂಡಿದ್ದು ಈಗ ಹೊಟ್ಟೆ ತುಂಬಿಕೊಂಡು, ಬಿಸಿಲಿಗೆ ರೆಕ್ಕೆ ಮಿಂಚಿಸುತ್ತಾ, ನಮ್ಮ ನೆತ್ತಿಯ ಮೇಲೇ ಬರುತ್ತಿತ್ತು. ನನಗಂತೂ ಮೈಯೆಲ್ಲ ಜುಮ್ಮೆಂದು, ಇದು ನಮ್ಮ ಮಾಮನ ವಿಮಾನ, ನಮ್ಮದು, ನಮ್ಮದು ಎಂದು ಕುಣಿದೆ. ಬಾಲ ತೆರೆದೇಬಿಟ್ಟಿತು! ಬೂದು ಹೊಟ್ಟೆಯ ಹಿಂದೆ ಕಪ್ಪಗೊಂದು ಬಾಯಿ.

ಆ ಬಾಯಿಯಿಂದ ಏನೋ ಒಂದು ಬಿತ್ತು. ಒಂದೇ ಒಂದು. ಛತ್ರಿ ಬಿಚ್ಚಲಿಲ್ಲ. ಹಳದಿಯಾಗಿ, ಉದ್ದಕ್ಕೆ, ಹೊರಳಾಡುತ್ತಾ, ಬಡಕೊಳ್ಳುತ್ತಾ ಬೀಳುತ್ತಲೇ ಬಂತು, ಗಾಳಿಗೆ ಓರೆಯಾಗಿ ಹೊಸಕೆರೆಹಳ್ಳಿಯ ಕಡೆ ಹೋಗಿ ಮರಗಳ ಹಿಂದೆ ಮರೆಯಾಯಿತು. ಅಜ್ಜಿಯ ಬೆರಳು ನನ್ನ ರಟ್ಟೆಯನ್ನು ಕಚ್ಚಿ ಹಿಡಿದಿತ್ತು. "ಯಾರೇ ಅದು? ಯಾಕೆ ತೆರ್‍ಕೊಳ್ಳಲಿಲ್ಲ?" ಎಂದಳು. ಅಷ್ಟರಲ್ಲಿ ವಿಮಾನ ಸುತ್ತು ಹಾಕಿ, ಇನ್ನೂ ಮೇಲೇರಿ ಬಂದಿತ್ತು, ಮತ್ತು ಈ ಸಲ ಜನ ಹಾರಿದರು. ಒಬ್ಬರ ಹಿಂದೊಬ್ಬರು, ಮೊದಲು ಕಾಳಿನಷ್ಟು, ಆಮೇಲೆ ಪಟ್ ಪಟ್ ಎಂದು ಕೇಸರಿ ಬಿಳಿ ಹಸಿರು ಛತ್ರಿಗಳು ಅರಳಿದವು. ಕಾಲಿನಿಂದ ಬಣ್ಣದ ಹೊಗೆ ಬಿಡುತ್ತಾ, ಸುತ್ತು ಸುತ್ತಿ, ಒಬ್ಬರ ನೆತ್ತಿಯ ಮೇಲೊಬ್ಬರು ನಿಂತ ಹಾಗೆ ಇಳಿದರು. ಮೈದಾನವೇ ಹುಚ್ಚೆದ್ದು ಕೂಗಿತು. ನಾನು ಗಂಟಲು ಕಟ್ಟುವವರೆಗೆ ಕೂಗಿದೆ. ಅಜ್ಜಿ ಮಾತ್ರ ಕೂಗಲಿಲ್ಲ, ಇಳಿದ ಒಬ್ಬೊಬ್ಬರೂ ಹೆಲ್ಮೆಟ್ ತೆಗೆಯುವುದನ್ನೇ ನೋಡುತ್ತಿದ್ದಳು. ಇವನಲ್ಲ. ಇವನಲ್ಲ. ಇವನೂ ಅಲ್ಲ. ಕೊನೆಯವನೂ ಇಳಿದು ಛತ್ರಿ ಸುತ್ತಿಕೊಂಡ. ವಿಮಾನ ಬಾಲ ಮುಚ್ಚಿಕೊಂಡು ಹೊರಟೇಹೋಯಿತು. ಸೀನು ಮಾಮ ಇಳಿಯಲಿಲ್ಲ.

ಅಮ್ಮ ಹಗ್ಗದ ಕೆಳಗೆ ನುಸುಳಿ ಹೋಗಿ, ಆಗಷ್ಟೇ ಹಾರಿ ಇಳಿದಿದ್ದ ಒಬ್ಬ ಎತ್ತರದ ಆಳನ್ನು ಹರಕು ಹಿಂದಿಯಲ್ಲಿ ಸೀನು ಎಲ್ಲಿ ಎಂದು ಕೇಳಿದಳು. ಹರಿಯಾಣದವನು, ದಲ್ಬೀರ್ ಎಂದು ಹೆಸರು, ಆಮೇಲೆ ನಮ್ಮ ಮನೆಯಲ್ಲಿ ಎಷ್ಟೋ ಸಲ ಉಂಡವನು. ಅವನು ಬಿಳಿ ಹಲ್ಲು ಬಿಟ್ಟು ನಕ್ಕು, ಬೆರಳನ್ನು ಆಕಾಶಕ್ಕೆ ತೋರಿಸಿ, "ಸೀನು ಸಾಬ್? ಊಪರ್!" ಎಂದ. ಅಯ್ಯೋ, ಆ ಪುಣ್ಯಾತ್ಮನಿಗೆ ಆಗಲೇ ಆ ಮಾತು ಬಾಯಿಗೆ ಬರಬೇಕೆ! ಅಜ್ಜಿಗೆ ಟಿವಿಯಿಂದ ಬಂದ ನಾಲ್ಕು ಹಿಂದಿ ಪದಗಳಲ್ಲಿ 'ಊಪರ್' ಕೂಡ ಒಂದು, ಅಲ್ಲಿ ಆ ಮಾತಿನ ಹಿಂದೆ ಯಾವಾಗಲೂ ಅಳು ಬರುತ್ತಿತ್ತು. ಆಕೆ ರೇಷ್ಮೆ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಗೇಟು ದಾಟಿ, ಆ ಹಳದಿ ಬಿದ್ದ ದಿಕ್ಕಿಗೆ ನಡೆದಳು. ನಾನು ಅವಳ ಹಿಂದೆ ಓಡಿದೆ.

ಆಕೆ ಅಷ್ಟು ಜೋರಾಗಿ ನಡೆದದ್ದನ್ನು ನಾನು ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ಖಾಲಿ ಸೈಟುಗಳ ಹುಲ್ಲಿನಲ್ಲಿ, ಜಲ್ಲಿ ರಾಶಿ ಹತ್ತಿ ಇಳಿದು, ಇಳಿಜಾರಿನಲ್ಲಿ ಕೆರೆಯ ಕಡೆಗೆ. ಒಂದು ಚಪ್ಪಲಿ ಎಲ್ಲೋ ಕಿತ್ತುಹೋಯಿತು. ಎದುರಿಗೆ ಬಂದ ಒಬ್ಬ ಎಮ್ಮೆಯವನನ್ನು, "ಅಣ್ಣಾ, ಇಲ್ಲೆಲ್ಲಾದ್ರೂ ಒಬ್ಬ ಬಿದ್ನಾ? ನನ್ನ ಮಗ, ಮೇಲಿಂದ ಬಿದ್ನಾ?" ಎಂದು ಕೇಳಿದಳು. ಅವನು ಎಮ್ಮೆಗಳನ್ನು ಪಕ್ಕಕ್ಕೆ ಹೊಡೆದು ದಾರಿ ಬಿಟ್ಟ. ದಾರಿಯುದ್ದಕ್ಕೂ "ತಾಯೀ, ಕೈಕಾಲು ಮುರಿದಿರ್ಲಿ, ಉಸಿರೊಂದಿರ್ಲಿ, ನಾನು ನೋಡ್ಕೋತೀನಿ" ಎಂದು ಬನಶಂಕರಮ್ಮನೊಡನೆ ಚೌಕಾಸಿ ಮಾಡುತ್ತಿದ್ದಳು. ನನಗೆ ಅಳು ಬರುತ್ತಿತ್ತು, ಆದರೆ ಅತ್ತರೆ ಅದು ನಿಜವಾಗಿಬಿಡುತ್ತದೆ ಎಂದು ತಡೆದುಕೊಂಡಿದ್ದೆ.

ಕೆರೆಯ ಪಕ್ಕದ ಒಂದು ಹೆಂಚಿನ ಮನೆಯ ಮುಂದೆ ಮಕ್ಕಳು ಗುಂಪಾಗಿದ್ದರು. ಅಜ್ಜಿ ಅವರನ್ನು ಸರಿಸಿ ನುಗ್ಗಿದಳು. ಬಟ್ಟೆ ಒಣಹಾಕಿದ ತಂತಿಯ ಮೇಲಿಂದ ಒಬ್ಬ ಹೆಂಗಸು ಉದ್ದನೆಯ ಹಳದಿ ಕಾಗದದ ಪಟ್ಟಿಯೊಂದನ್ನು ಬಿಡಿಸುತ್ತಿದ್ದಳು, ತುದಿಯಲ್ಲಿ ಒಂದು ಸಣ್ಣ ತೂಕದ ಕಡ್ಡಿ. "ನಿಮ್ದಾ ಅಕ್ಕ ಇದು? ಮೇಲಿಂದ ಬಿತ್ತು, ನನ್ನ ತೊಳೆದ ಬಟ್ಟೆಯೆಲ್ಲ ಮಣ್ಣು ಮಾಡ್ತು" ಎಂದಳು. ಅಜ್ಜಿ ಆ ಪಟ್ಟಿಯನ್ನು ತುದಿಯಿಂದ ತುದಿಗೆ ಸವರಿ ನೋಡಿದಳು. ಒಳಗೆ ಮಗ ಇರಲಿಲ್ಲ. ಅಷ್ಟರಲ್ಲಿ ಅಮ್ಮ ಆಟೋದಿಂದ ಧುಮುಕಿ, ಏದುಸಿರು ಬಿಡುತ್ತಾ, "ಅಮ್ಮಾ! ಏನೂ ಆಗಿಲ್ಲ ಅಮ್ಮಾ! ಅದು ಗಾಳಿ ಯಾವ ಕಡೆಗಿದೆ ಅಂತ ನೋಡೋದಕ್ಕೆ ಮೊದ್ಲು ಎಸೆಯೋ ಕಾಗದವಂತೆ. ಅದನ್ನ ಎಸೆದಿದ್ದೇ ಸೀನು! ಅವನು ಹಾರೋದೇ ಇಲ್ವಂತೆ! ಬಾಗಿಲಲ್ಲಿ ನಿಂತ್ಕೊಂಡು ಬೇರೆಯವರನ್ನ ಕಳಿಸೋದಂತೆ ಅವನ ಕೆಲಸ. ವಿಮಾನದಲ್ಲೇ ವಾಪಸ್ ಹೋದ್ನಂತೆ!" ಎಂದಳು. ಅಜ್ಜಿ ಅಲ್ಲೇ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಳು. ಮೊದಲು ಅತ್ತಳು, ಆಮೇಲೆ ನಕ್ಕಳು, ಆಮೇಲೆ ಎಲ್ಲರೂ ಬೆಚ್ಚುವಂತೆ ಬೈಯತೊಡಗಿದಳು: "ಬರಲಿ ಮನೆಗೆ! ಬರಲಿ ಅವನು! ಹಾರ್ತೀನಿ ಹಾರ್ತೀನಿ ಅಂತ ನನ್ನ ಹೊಟ್ಟೆ ಉರಿಸಿದ್ನಲ್ಲಾ!" ಆ ಮನೆಯಾಕೆ ಎಲ್ಲರಿಗೂ ನೀರು ಬೆಲ್ಲ ತಂದುಕೊಟ್ಟಳು. ಅಷ್ಟು ಸಿಹಿಯಾದ ಬೆಲ್ಲವನ್ನು ನಾನು ಮತ್ತೆ ತಿಂದಿಲ್ಲ.

ಮರುದಿನ ಮಾಮ ಬಂದ. ಬೈಗುಳವನ್ನೆಲ್ಲ ತಲೆ ತಗ್ಗಿಸಿ ತಿಂದ. ಹಾರಬೇಕೆಂದೇ ಸೇರಿದ್ದನಂತೆ, ಕಲಿಯುವಾಗ ಮಂಡಿ ಕೈಕೊಟ್ಟಿತಂತೆ. ಆದರೂ ಆ ವಿಮಾನ ಬಿಡಲು ಮನಸ್ಸು ಬಾರದೆ ಈ ಕೆಲಸ ಕೇಳಿ ಪಡೆದನಂತೆ. ಸೊಂಟಕ್ಕೆ ಪಟ್ಟಿ ಬಿಗಿದು, ಅದರ ಇನ್ನೊಂದು ತುದಿಯನ್ನು ವಿಮಾನಕ್ಕೆ ಕಟ್ಟಿ, ತೆರೆದ ಬಾಲದ ಅಂಚಿನಲ್ಲಿ ನಿಲ್ಲುವುದು, ಒಬ್ಬೊಬ್ಬರ ಬಕಲು ಎಳೆದು ನೋಡಿ ಕಳಿಸುವುದು. "ನಾನು ಹಾರಲ್ಲಮ್ಮ, ಹಾರಿಸ್ತೀನಿ" ಎಂದ. ದನಿಯಲ್ಲಿ ಸ್ವಲ್ಪ ಸಣ್ಣವನಾದ ಸಂಕೋಚವಿತ್ತು. ಅಜ್ಜಿ, "ಹಾಗಾದ್ರೆ ನಾನು ಹಚ್ಚಿದ ನಿಂಬೆಹಣ್ಣೆಲ್ಲ ಯಾರಿಗೆ ಹೋಯ್ತೋ?" ಎಂದು ಕೇಳಿದಳು. "ಆ ಹುಡುಗರಿಗೆ ಹೋಯ್ತು ಅನ್ಕೋಮ್ಮ." "ಹೂಂ. ಅವರನ್ನೂ ಯಾರೋ ಹೆತ್ತಿರ್ತಾರಲ್ಲ" ಎಂದಳು ಅಜ್ಜಿ. ಮಂಗಳವಾರದ ದೀಪ ನಿಲ್ಲಲಿಲ್ಲ. ದಲ್ಬೀರನ ಹೆಸರೂ ಅದರಲ್ಲಿ ಸೇರಿತು, ಅವನು ಊಟಕ್ಕೆ ಬಂದಾಗ ಚಿತ್ರಾನ್ನವೂ ಸಿಕ್ಕಿತು.

ಅಜ್ಜಿ ಹೋದ ಮೇಲೆ ಆ ಮನೆಯೂ ಹೋಯಿತು. ಈಗ ಅಲ್ಲಿ ನಿಂತರೆ ಆಕಾಶವೇ ಒಂದು ಅಂಗೈಯಷ್ಟು ಕಾಣುತ್ತದೆ. ಮಾಮ ಮದುವೆಯಾಗಲಿಲ್ಲ. ರಿಟೈರಾಗಿ ಬಂದು, ಅಪ್ಪ ತೀರಿಕೊಂಡ ಮೇಲೆ ಜರಗನಹಳ್ಳಿಯಲ್ಲಿ ಅಮ್ಮನ ಜೊತೆಗೇ ಇದ್ದ. ಅಕ್ಕ ತಮ್ಮ ಇಬ್ಬರೂ ಕಾಫಿ ಡಿಕಾಕ್ಷನ್ನಿಗೆ ಜಗಳವಾಡುತ್ತಾ ಮುದುಕರಾದರು. ಹೋದ ವರ್ಷ ಒಂದು ಬೆಳಿಗ್ಗೆ ಪೇಪರ್ ಓದುತ್ತಿದ್ದವನು ಹಾಗೇ ಒರಗಿಕೊಂಡ. ಅಷ್ಟೇ. ಎಬ್ಬಿಸಿದರೆ ಏಳಲಿಲ್ಲ. ಎಷ್ಟು ಹತ್ತಿರದವನಾಗಿದ್ದ ನನಗೆ, ಎಷ್ಟು ಬೇಗ ಹೋಗಿಬಿಟ್ಟ ಎಂದು ಇವತ್ತಿಗೂ ಸಿಟ್ಟು ಬರುತ್ತದೆ.

ದಲ್ಬೀರ್ ಬಂದಾಗ ಮಾಮನನ್ನು ವ್ಯಾನಿಗೆ ಎತ್ತುವುದರಲ್ಲಿದ್ದರು. ಸುದ್ದಿ ಕೇಳಿದ ತಕ್ಷಣ ಸಿಕ್ಕಿದ ವಿಮಾನ ಹಿಡಿದು ಬಂದಿದ್ದ. ತಲೆ ನರೆತಿತ್ತು, ಆದರೆ ಆ ಎತ್ತರ ಹಾಗೇ ಇತ್ತು. ಶೂ ಬಿಚ್ಚಿ, ಜನರ ನಡುವೆ ದಾರಿ ಮಾಡಿಕೊಂಡು ಹೋಗಿ, ಮಾಮನ ಬಲ ಹೆಗಲನ್ನು ತಟ್ಟಿದ. ಬಗ್ಗಿ, ಕಿವಿಗೆ ಬಾಯಿಟ್ಟು, ಇಡೀ ಬೀದಿಗೆ ಕೇಳುವಂತೆ, "ಹೋಗ್ ಬಾ!" ಎಂದು ಕೂಗಿದ.

ಎಲ್ಲರೂ ಬೆಚ್ಚಿಬಿದ್ದರು. ನಮ್ಮಲ್ಲಿ ಹೊರಟವರಿಗೆ ಬರೀ ಹೋಗು ಎನ್ನುವುದಿಲ್ಲ, ಹೋಗಿ ಬಾ ಎನ್ನುತ್ತೇವೆ, ನಿಮಗೆ ಗೊತ್ತಿರುವುದೇ. ಸತ್ತವರಿಗೆ ಮಾತ್ರ ಹಾಗೆನ್ನಬಾರದು. ಸಾವಿನ ಮನೆಯಿಂದ ಏಳುವಾಗ ಬರ್ತೀನಿ ಎಂದೂ ಹೇಳದೆ ಸುಮ್ಮನೆ ಎದ್ದು ಹೋಗುತ್ತೇವೆ. ಪುರೋಹಿತರು ಮುಖ ಗಂಟಿಕ್ಕಿದರು. ನಮ್ಮ ಮುಖಗಳನ್ನು ನೋಡಿ ದಲ್ಬೀರ್ ಗಾಬರಿಯಾದ. ಏನಾದರೂ ತಪ್ಪಾಯಿತೇ ದೀದಿ ಎಂದು ಹಿಂದಿಯಲ್ಲಿ ಅಮ್ಮನನ್ನು ಕೇಳಿದ. ವಿಮಾನದ ಬಾಗಿಲು ತೆರೆದಾಗ ಆ ಗದ್ದಲದಲ್ಲಿ ಏನೂ ಕೇಳುತ್ತಿರಲಿಲ್ಲವಂತೆ, ಸಾಬ್ ಹೆಗಲು ತಟ್ಟಿ ಒಬ್ಬೊಬ್ಬರ ಕಿವಿಯಲ್ಲೂ ಇದನ್ನೇ ಕೂಗುತ್ತಿದ್ದರಂತೆ. ನಿಯಮದ ಪ್ರಕಾರ 'ಗೋ' ಎನ್ನಬೇಕಂತೆ, ಅದನ್ನು ಅವರು ಒಂದು ದಿನವೂ ಅನ್ನಲಿಲ್ಲವಂತೆ. ಇದು ನಿಮ್ಮ ಭಾಷೆಯಲ್ಲಿ ಜಂಪ್ ಎಂದಿರಬೇಕು ಎಂದು ನಾವೆಲ್ಲ ತಿಳಿದಿದ್ದೆವು ಎಂದ. ಅಮ್ಮ ತನಗೆ ಬರುವ ಹಿಂದಿಯಲ್ಲಿ ಅರ್ಥ ಹೇಳಿದಳು. ಹೋಗು ಎನ್ನುವುದನ್ನು ಹೇಳಿದಳು, ಬಾ ಎನ್ನುವುದನ್ನೂ ಹೇಳಿದಳು. ಆ ಎತ್ತರದ ಮನುಷ್ಯ ವ್ಯಾನಿನ ಬಾಗಿಲು ಹಿಡಿದುಕೊಂಡ. "ಬಂದ್ವಿ ದೀದಿ" ಎಂದ ತನ್ನ ಭಾಷೆಯಲ್ಲಿ. "ಸಾಬ್ ಕಳಿಸಿದವರು ಒಬ್ಬೊಬ್ಬರೂ ವಾಪಸ್ ಬಂದ್ವಿ."

ಅಮ್ಮ ಪುರೋಹಿತರ ಕಡೆ ನೋಡಲೇ ಇಲ್ಲ. ತಮ್ಮನ ಕೆನ್ನೆ ಸವರಿ, "ಹೋಗಿ ಬಾರೋ ಸೀನು" ಎಂದಳು. ವ್ಯಾನು ಕನಕಪುರ ರಸ್ತೆಯ ಕಡೆ ತಿರುಗುವವರೆಗೂ ನಾವು ಗೇಟಿನಲ್ಲೇ ನಿಂತಿದ್ದೆವು.